ಕುರ್ಚಿ ತುಂಬಿಸಲು ನಾವೇ ಬೇಕಿತ್ತಾ?

ಮಾನ್ಯರೇ,

ರಾಜಾಜಿನಗರದಲ್ಲಿ ನಿನ್ನೆ ನಡೆದ, ಚಿಕ್ಕ ಮಕ್ಕಳ ಕಲಿಕೆ ಕುರಿತ ಸಮಾರಂಭದ ಬಗ್ಗೆ ಇವತ್ತಿನ ನಿಮ್ಮ ಪತ್ರಿಕೆಯಲ್ಲಿ ‘ಕಿಕ್ಕಿರಿದು ಸೇರಿದ ಭಾವಿ ಶಿಕ್ಷಕರು’ ಎಂದು ಬಂದಿದೆ. ನಾವು ಸೇರಿದ್ದಲ್ಲ, ನಮ್ಮನ್ನು ಸೇರಿಸಿದ್ದು. ಅದೂ ಪಾಠ ನಡೆಯುತ್ತಿದ್ದ ತರಗತಿಯಿಂದ ಎಬ್ಬಿಸಿ.

ನಾನು ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರಾಗುವವರ ಡಿಪ್ಲೊಮಾ) ಎರಡನೇ ವರ್ಷದ ಪ್ರಶಿಕ್ಷಣಾರ್ಥಿ. ಈಗ ಇಂಟರ್ನ್‌ಶಿಪ್ ನಡೆಯುತ್ತಿದೆ. ನಿನ್ನೆ ನನ್ನ ನಲಿ-ಕಲಿ (ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ವಿಧಾನ) ಪಾಠದ ವೀಕ್ಷಣೆ ಇತ್ತು. ಹಿಂದಿನ ರಾತ್ರಿ ಹನ್ನೆರಡರವರೆಗೆ ಕೂತು, ಹಳೆಯ ಮದುವೆ ಕಾರ್ಡು ಕತ್ತರಿಸಿ ರ, ಗ, ಸ, ದ, ಅ ಅಕ್ಷರಗಳ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಮಾಡಿದ್ದೆ. ಬೆಳಿಗ್ಗೆ ಜ್ವರದ ಮಗುವನ್ನು ಅತ್ತೆ ಕೈಗೆ ಕೊಟ್ಟು, ಲಗ್ಗೆರೆಯಿಂದ ಎರಡು ಬಸ್ ಹತ್ತಿ ಶಾಲೆಗೆ ಬಂದೆ.

ಒಂದನೇ ತರಗತಿಯಲ್ಲಿ ಒಬ್ಬ ಹುಡುಗ. ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರ ಮಗ. ಸೇರಿದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಗರಗಸದ ಚಿತ್ರ ತೋರಿಸಿದ ಕೂಡಲೇ ‘ನಮ್ಮಪ್ಪನ ಹತ್ರ ಐತ್ರಿ ಟೀಚರ್’ ಅಂದ. ಗ ಪಕ್ಕ ರ ಇಟ್ಟ. ಇನ್ನೊಂದು ಗ ಹುಡುಕುತ್ತಿದ್ದ. ಅಷ್ಟರಲ್ಲಿ ಅಧಿಕಾರಿಗಳಿಂದ ಫೋನ್ ಬಂತು. ಪ್ರಶಿಕ್ಷಣಾರ್ಥಿಗಳು ಎಲ್ಲರೂ ಹನ್ನೊಂದಕ್ಕೆ ಸಭಾಂಗಣದಲ್ಲಿ ಇರಬೇಕಂತೆ, ಇಲ್ಲದಿದ್ದರೆ ಹಾಜರಿ ಇಲ್ಲವಂತೆ.

ಗಣ್ಯರು ಬಂದಿದ್ದು ಒಂದೂವರೆಗೆ. ಅಲ್ಲಿಯವರೆಗೆ ಸುಮ್ನೆ ಕೂತೆವು. ಕುಡಿಯಲು ನೀರಿಲ್ಲ. ಶೌಚಾಲಯಕ್ಕೆ ಬೀಗ. ನಮ್ಮಲ್ಲೊಬ್ಬಳು ಆರು ತಿಂಗಳ ಗರ್ಭಿಣಿ, ಅವಳ ಮುಖ ನೋಡಲಾಗಲಿಲ್ಲ. ವೇದಿಕೆ ಮೇಲೆ ಭಾಷಣವೋ ಭಾಷಣ: ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯೇ ಅಡಿಪಾಯ ಅಂತ. ಆ ವಯಸ್ಸಿನ ಮಕ್ಕಳ ಮುಂದಿನಿಂದಲೇ ಅಲ್ವಾ ನಮ್ಮನ್ನು ಎಬ್ಬಿಸಿ ತಂದಿದ್ದು?

ಬಿ.ಇಡಿ ಮಾಡಿದವರು ಒಂದರಿಂದ ಐದನೇ ತರಗತಿಗೆ ಕಲಿಸಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ಚಿಕ್ಕ ಮಕ್ಕಳಿಗೆ ಕಲಿಸೋದೇ ಬೇರೆ ವಿದ್ಯೆ. ಅದನ್ನು ಕಲಿಯಲು ನಮಗಿರೋದು ಎರಡೇ ವರ್ಷ. ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 150ಕ್ಕೆ 90 ಅಂಕ ತೆಗೆಯಬೇಕು. ಅದರಲ್ಲಿ 30 ಪ್ರಶ್ನೆ ಮಕ್ಕಳ ಬೆಳವಣಿಗೆ ಮತ್ತು ಬೋಧನೆ ಬಗ್ಗೆಯೇ. ಸಭಾಂಗಣದಲ್ಲಿ ಚಪ್ಪಾಳೆ ತಟ್ಟುತ್ತಾ ಅದನ್ನು ಕಲಿಯೋಕಾಗುತ್ತಾ?

ಈ ಅಧಿಕಾರಿಗಳು ಮೊದಲಿಂದಲೂ ಹೀಗೇ. ನನ್ನ ಮೊದಲ ವರ್ಷದ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ. ಒಂದು ಒತ್ತಕ್ಷರ ಸರಿಪಡಿಸಲು ನಾಲ್ಕು ಸಲ ಅಲೆದಿದ್ದೇನೆ. ಒಮ್ಮೆ ಸಾಹೇಬರು ಊಟಕ್ಕೆ, ಒಮ್ಮೆ ಮೀಟಿಂಗಿಗೆ. ಮತ್ತೊಮ್ಮೆ ಸರ್ವರ್ ಡೌನ್. ನಾಲ್ಕನೇ ಸಲ ಅರ್ಜಿಯೇ ಕಳೆದುಹೋಗಿದೆ, ಹೊಸದು ಬರೆದುಕೊಡಿ ಅಂದರು! ನಮ್ಮನ್ನು ಕರೆಸಲು ಮಾತ್ರ ಹತ್ತೇ ನಿಮಿಷ ಸಾಕು ಇವರಿಗೆ.

ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಬೇಕು. ನನ್ನ ಪಾಠದ ವೀಕ್ಷಣೆ ಮತ್ತೆ ಇಡಬೇಕು. ಅಂಕಪಟ್ಟಿಯನ್ನೂ ಸರಿ ಮಾಡಿಕೊಡಬೇಕು. ಇನ್ನೊಮ್ಮೆ ಜನ ಬೇಕಾದರೆ ತಮ್ಮ ಕಚೇರಿಯವರನ್ನೇ ಕೂರಿಸಿಕೊಳ್ಳಲಿ, ಮಕ್ಕಳ ಮುಂದೆ ನಿಂತವರನ್ನು ಮುಟ್ಟಬೇಡಿ.

– ನೊಂದ ಪ್ರಶಿಕ್ಷಣಾರ್ಥಿ, ಲಗ್ಗೆರೆ, ಬೆಂಗಳೂರು