ಎದ್ದು ಕೂರಲಾಗದ ತಮ್ಮನನ್ನು ಮೂರು ಸಲ ಕರೆಸಿದರು

ಮಾನ್ಯ ಸಂಪಾದಕರೇ,

ನನ್ನ ತಮ್ಮನಿಗೆ 24 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರುವುದಿಲ್ಲ. ಎದ್ದು ಕೂರಲು ಆಗುವುದಿಲ್ಲ, ಕೈ ಮುಷ್ಟಿ ಬಿಚ್ಚುವುದಿಲ್ಲ. ಅವನಿಗೆ ಮಾಸಾಶನ ಮಾಡಿಸಲು ನಮಗೆ 11 ತಿಂಗಳು ಹಿಡಿಯಿತು.

ಮಾಸಾಶನಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕು, ಅದಕ್ಕೆ ಆಧಾರ್ ಅಪ್‌ಡೇಟ್ ಆಗಿರಬೇಕು ಅಂದರು. ಆಧಾರ್ ಕೇಂದ್ರದಲ್ಲಿ ಅಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೆಷಿನ್ ಮೇಲೆ ಒತ್ತುತ್ತಿದ್ದರು. ಬಿಟ್ಟ ತಕ್ಷಣ ಮತ್ತೆ ಮಡಚಿಕೊಳ್ಳುತ್ತಿದ್ದವು. ಅವನು ನೋವಿಗೆ ಅಳತೊಡಗಿದ. ಬೆರಳಚ್ಚು ಕೊಡಲಾಗದವರಿಗೆ ಆಧಾರ್‌ನಲ್ಲೇ ವಿನಾಯಿತಿ ಇದೆ. ಅಲ್ಲಿದ್ದ ಹುಡುಗನಿಗೆ ಅದು ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಆಮೇಲೆ ಅಂಗವೈಕಲ್ಯದ ತಪಾಸಣೆಗೆ ಜಿಲ್ಲಾ ಆಸ್ಪತ್ರೆ. ನಮ್ಮೂರಿಂದ 70 ಕಿಲೋಮೀಟರ್. ಬಸ್ಸಿನಲ್ಲಿ ಆಗುವ ಮಾತಲ್ಲ, ಓಮ್ನಿ ಬಾಡಿಗೆ ಒಂದು ಸಲಕ್ಕೆ 2,400 ರೂಪಾಯಿ. ಮೊದಲ ಸಲ ಡಾಕ್ಟರ್ ರಜೆ. ಎರಡನೇ ಸಲ ಸರ್ವರ್ ಇಲ್ಲ. ಮೂರನೇ ಸಲ ಡಾಕ್ಟರ್ ಅವನನ್ನು ನೋಡಿ ಎರಡೇ ನಿಮಿಷದಲ್ಲಿ ಅಂಗವೈಕಲ್ಯ ಶೇ 90 ಎಂದು ಬರೆದರು. ಆ ಎರಡು ನಿಮಿಷಕ್ಕೆ ಮೂರು ಸಲ ಅವನನ್ನು ಹೊತ್ತುಕೊಂಡು ಹೋಗಬೇಕಿತ್ತಾ? ಕೊನೆಗೆ ಅವನಿಗೆ ಮಂಜೂರಾಗಿದ್ದು ತಿಂಗಳಿಗೆ 1,400 ರೂಪಾಯಿ. ಓಡಾಟದ ಬಾಡಿಗೆಯೇ ಐದು ತಿಂಗಳ ಮಾಸಾಶನ ತಿಂದುಹಾಕಿತು. ನಾಡಕಚೇರಿ, ಆದಾಯ ಪ್ರಮಾಣಪತ್ರ, ಬ್ಯಾಂಕಿಗೆ ಆಧಾರ್ ಜೋಡಣೆ ಇದರ ಮೇಲೆ.

ಸುಳ್ಳು ಸರ್ಟಿಫಿಕೇಟ್ ಮಾಡಿಸುವವರು ಇದ್ದಾರೆ, ಪರೀಕ್ಷೆ ಬೇಕು, ಒಪ್ಪುತ್ತೇನೆ. ಆದರೆ ನಿಜವಾಗಿ ಏಳಲು ಆಗದವರೇ ಅಲ್ವಾ ಇದರಲ್ಲಿ ಸೋತು ಕೈಬಿಡುವುದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7 ಬಗೆಯಿಂದ 21 ಬಗೆಗೆ ಏರಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಕಿವಿ ಕೇಳದ ಮಗುವಿನ ಬೇರಾ ಪರೀಕ್ಷೆಗೂ (ಶ್ರವಣ ಶಕ್ತಿಯನ್ನು ಯಂತ್ರದಿಂದ ಅಳೆಯುವುದು) ನಮ್ಮ ತಾಲ್ಲೂಕಿನವರು ಜಿಲ್ಲಾ ಆಸ್ಪತ್ರೆಗೇ ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು ಬಂದ ಎಷ್ಟೋ ತಾಯಂದಿರನ್ನು ಆ ಸಾಲಿನಲ್ಲಿ ನೋಡಿದ್ದೇನೆ.

2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದ ನಮ್ಮಜ್ಜಿಯ ಮತ ಪಡೆಯಲು ಅಧಿಕಾರಿಗಳು ಮನೆಗೇ ಬಂದಿದ್ದರು. ಪೆಟ್ಟಿಗೆ ತಂದರು, ವಿಡಿಯೊ ಮಾಡಿಕೊಂಡರು, ಅಜ್ಜಿ ಮಂಚದ ಮೇಲೆ ಕೂತೇ ಮತ ಹಾಕಿದರು. ಹಾಸಿಗೆ ಹಿಡಿದವರ ತಪಾಸಣೆಗೂ ವೈದ್ಯರ ತಂಡ ಹೀಗೇ ಮನೆಗೆ ಬರಲಿ. ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ. ಅದು ಆಗುವವರೆಗೆ ವೈದ್ಯರು ಇಲ್ಲದ ದಿನ, ಸರ್ವರ್ ಕೆಟ್ಟ ದಿನ, ಊರಿನಿಂದ ಹೊರಡುವ ಮೊದಲೇ ನಮಗೊಂದು ಫೋನ್ ಮಾಡಲಿ.

ಇಂತಿ,
ಒಬ್ಬ ಓದುಗ