ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕ ಅಮ್ಮನಿಗೆ

ಶನಿವಾರ ಬೆಳಿಗ್ಗೆ ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ನೆರವಾದ ಅಮ್ಮಾ, ಈ ಮಾತು ನಿಮಗೆ.

ಮಗಳನ್ನು ಸ್ಲಿಂಗಿನಲ್ಲಿ, ಅಂದರೆ ಮಗು ಹೊರುವ ಬಟ್ಟೆಯಲ್ಲಿ, ಎದೆಗೆ ಕಟ್ಟಿಕೊಂಡಿದ್ದೆ. ಜನ ಜಾಸ್ತಿ, ಎರಡೂ ಕೈಯಲ್ಲಿ ಚೀಲ. ನಡೆದೂ ನಡೆದೂ ಬಟ್ಟೆ ಸಡಿಲವಾಗಿ ಮಗು ಜಾರಿತು, ಅವಳ ಗದ್ದ ಅವಳ ಎದೆಗೇ ಒತ್ತಿಕೊಂಡಿತು. ನೀವು ಕೊಳ್ಳುತ್ತಿದ್ದ ಮಲ್ಲಿಗೆ ಬಿಟ್ಟು ಬಂದಿರಿ. "ಇರವ್ವ, ಮಗೀಗೆ ಉಸಿರು ಕಟ್ತದೆ" ಎಂದು ಅವಳ ಬೆನ್ನಿಗೆ ಕೈ ಕೊಟ್ಟು ಮೇಲೆತ್ತಿದಿರಿ. ನಾನು ಬಟ್ಟೆ ಬಿಗಿ ಮಾಡಿದೆ. ಸ್ಲಿಂಗಿನಲ್ಲಿ ಮಗುವಿನ ಮುಖ ಕಾಣಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಮೊಣಕಾಲು ಕುಂಡೆಗಿಂತ ಮೇಲಿರಬೇಕು. ಎಲ್ಲ ಸರಿಯಾಗುವವರೆಗೂ ನೀವು ಕೈ ತೆಗೆಯಲಿಲ್ಲ.

"ಎಳೆಗೂಸನ್ನು ಯಾಕೆ ಆಚೆ ತಂದೆ" ಅಂತ ಒಂದು ಮಾತೂ ಅನ್ನಲಿಲ್ಲ. ಅದು ನನಗೆ ತುಂಬಾ ದೊಡ್ಡದು. ಬಾಣಂತನ ಮುಗಿದ ಮೇಲೆ ನಾಲ್ಕು ಜನರ ಮುಖ ನೋಡಬೇಕು ಅನ್ನಿಸುತ್ತೆ, ಅಲ್ವಾ?

ನಿಮಗೆ ಮನಸಾರೆ ಧನ್ಯವಾದ ಅಮ್ಮಾ.