ಟ್ಯಾಪ್ ಏರಿಸಿದ ಆ ಸಂಜೆ

ದಾವಣಗೆರೆ

ಚಿ. ಸ್ವಾತಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪ್ರಾಜೆಕ್ಟ್ ರಿಪೋರ್ಟ್ ಎರಡು ಸಲ ಓದಿದೆ. ಗ್ರಿಡ್‌ನ ವೋಲ್ಟೇಜ್ ಕುಸಿಯುವ ಹಂತಕ್ಕೆ ಎಷ್ಟು ಹತ್ತಿರ ಬಂದಿದೆ ಅಂತ, ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮಾದ ನ್ಯೂರಲ್ ನೆಟ್‌ವರ್ಕ್‌ನಿಂದ ಹೇಳಿಸುವ ಕೆಲಸ ಹಿಡಿದಿದ್ದೀಯ. ತುಂಬಾ ಖುಷಿಯಾಯಿತು. ಯಾವ ಲೈನ್ ಟ್ರಿಪ್ ಆದರೆ ಏನಾಗುತ್ತದೆ ಅಂತ ಒಂದೊಂದಕ್ಕೂ ಲೋಡ್ ಫ್ಲೋ, ಅಂದರೆ ಎಲ್ಲೆಲ್ಲಿ ಎಷ್ಟು ವೋಲ್ಟೇಜ್, ಎಷ್ಟು ಕರೆಂಟ್ ಅನ್ನುವ ಲೆಕ್ಕ, ಹಾಕುತ್ತಾ ಕೂತರೆ, ಅಷ್ಟರಲ್ಲಿ ಲೋಡೇ ಬದಲಾಗಿರುತ್ತದೆ. ಲೆಕ್ಕವನ್ನೆಲ್ಲ ಮೊದಲೇ ಹಾಕಿ ಅದಕ್ಕೆ ಕಲಿಸಿಟ್ಟರೆ ಉತ್ತರ ಕ್ಷಣದಲ್ಲಿ ಸಿಗುತ್ತದೆ.

ಆದರೆ ‘ನೂರಕ್ಕೆ 98 ಸರಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಅಲ್ಲೇ ನಿಂತುಬಿಟ್ಟೆ. ಉಳಿದ ಎರಡು ಯಾವುವು? ಗ್ರಿಡ್ ವರ್ಷದ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಎಲ್ಲದಕ್ಕೂ ಸುಮ್ನೆ ‘ಸೇಫ್’ ಅಂದರೂ ಒಳ್ಳೆ ಮಾರ್ಕ್ಸ್ ಬರುತ್ತದೆ. ಸುಮ್ಮನೆ ಹೆದರಿಸಿದರೆ ಆಪರೇಟರ್ ಒಂದಿಷ್ಟು ಗೊಣಗಬಹುದು. ಕುಸಿಯುವ ಹೊತ್ತನ್ನೇ ಸೇಫ್ ಅಂದರೆ ಊರೆಲ್ಲ ಕತ್ತಲೆ. ಈ ಎರಡು ತಪ್ಪನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡ.

ನಾನು ಕರೆಂಟ್ ಸಬ್‌ಸ್ಟೇಷನ್ ಶಿಫ್ಟ್‌ನಲ್ಲಿದ್ದ ಒಂದು ಬೇಸಿಗೆ ಸಂಜೆ. ತ್ರೀ ಫೇಸ್ ಬಿಟ್ಟ ತಕ್ಷಣ ಆಟೋ ಸ್ಟಾರ್ಟರ್ ಹಾಕಿದ್ದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೇ ಎದ್ದವು. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಜೋರಾಯಿತು. 11 ಕೆವಿ ಮೀಟರಿನ ಮುಳ್ಳು 10ಕ್ಕೆ ಬಂತು. ವೋಲ್ಟೇಜ್ ಎತ್ತಲು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಒಂದು ಮೆಟ್ಟಿಲು ಏರಿಸಿದೆ. ಮುಳ್ಳು ಸ್ವಲ್ಪ ಎದ್ದು ಮತ್ತೆ ಕೂತಿತು. ಇನ್ನೊಂದು ಏರಿಸಿದೆ. ಅತ್ತ ನಮಗೆ ಕರೆಂಟ್ ತರುವ ಮೇಲಿನ 66 ಕೆವಿ ಲೈನಿನ ಮೀಟರ್ ಇಳಿಯುತ್ತಿತ್ತು. ಇಲ್ಲಿ ಎತ್ತಿದಷ್ಟೂ ಮೇಲಿನ ಲೈನಿನಿಂದ ಜಾಸ್ತಿ ಎಳೆಯುತ್ತಿದ್ದೆ. ವೋಲ್ಟೇಜಿಗೆ ಆಸರೆ ಕೊಡುವ ಕೆಪಾಸಿಟರ್ ಬ್ಯಾಂಕ್ ಇತ್ತು, ಆದರೆ ಅದರ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ ಅಲ್ವಾ? ವೋಲ್ಟೇಜ್ ನೂರರಿಂದ 90ಕ್ಕೆ ಬಂದರೆ ಅದು ಕೊಡುವುದು 81 ಮಾತ್ರ. ಬೇಕಾದ ಹೊತ್ತಿಗೇ ಕೈ ಕೊಡುವ ಗೆಳೆಯ. ಕೊನೆಗೆ ಊರುಗಳಿಗೆ ಕರೆಂಟ್ ಒಯ್ಯುವ ಎರಡು ಫೀಡರ್ ಲೈನ್ ತೆಗೆದ ಮೇಲೆ ಮುಳ್ಳು ನಿಂತಿತು. ಐದು ನಿಮಿಷ ಮೊದಲೇ ತೆಗೆಯಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ನಿನ್ನ ಟ್ರೈನಿಂಗ್ ಕೇಸುಗಳಲ್ಲಿ ಇಂಥ ಸಂಜೆ ಒಂದೂ ಕಾಣಲಿಲ್ಲ. ಎಲ್ಲವೂ ಲೈನ್ ಟ್ರಿಪ್, ಜನರೇಟರ್ ಟ್ರಿಪ್. 1987ರ ಜುಲೈ 23ರಂದು ಟೋಕಿಯೊದಲ್ಲಿ ಯಾವ ಲೈನೂ ಮೊದಲು ಹೋಗಿರಲಿಲ್ಲ. ಸೆಕೆ ಜಾಸ್ತಿ ಇತ್ತು. ಮಧ್ಯಾಹ್ನದ ಊಟದ ಬಿಡುವು ಮುಗಿದ ಮೇಲೆ ಲೋಡ್ ನಿಮಿಷಕ್ಕೆ ಸುಮಾರು 400 ಮೆಗಾವ್ಯಾಟ್‌ನಂತೆ ಏರಿತು. ಕೆಪಾಸಿಟರ್ ಹಾಕಿದರೂ ವೋಲ್ಟೇಜ್ ನಿಲ್ಲಲಿಲ್ಲ, ಕುಸಿಯಿತು.

ಹಾಗಾಗಿ ನೋಸ್ ಪಾಯಿಂಟ್, ಅಂದರೆ ಇನ್ನು ಸ್ವಲ್ಪ ಲೋಡ್ ಏರಿದರೂ ವೋಲ್ಟೇಜ್ ಕುಸಿಯುವ ಅಂಚಿನ, ಹತ್ತಿರದ ಕೇಸುಗಳನ್ನು ಜಾಸ್ತಿ ಹಾಕು. ಪಂಪ್‌ಸೆಟ್ಟನ್ನು ಮೋಟಾರಿನಂತೆಯೇ ತೋರಿಸು, ವೋಲ್ಟೇಜ್ ಬಿದ್ದರೆ ಅದು ಇನ್ನೂ ಕರೆಂಟ್ ಎಳೆಯುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಿಗೆ ಗಾಳಿ ಇದ್ದಕ್ಕಿದ್ದಂತೆ ನಿಂತ ಹೊತ್ತೂ ಇರಲಿ. ಕಲಿಯದ ಸ್ಥಿತಿ ಎದುರಾದರೆ ನಿನ್ನ ನೆಟ್‌ವರ್ಕ್ ಧೈರ್ಯವಾಗಿ ನಂಬರ್ ಕೊಡದೆ, ‘ಇದು ನನಗೆ ಗೊತ್ತಿಲ್ಲ, ಲೋಡ್ ಫ್ಲೋ ಹಾಕಿ’ ಅನ್ನಲಿ. ಯಾವ ಬಸ್, ಅಂದರೆ ಲೈನುಗಳು ಕೂಡುವ ಯಾವ ಜಾಗ, ಸೋಲುತ್ತಿದೆ ಅಂತಲೂ ತೋರಿಸಲಿ. ಬರಿ ಕೆಂಪು ದೀಪ ನೋಡಿ ಶಿಫ್ಟಿನವನು ಯಾವ ಫೀಡರ್ ತೆಗೆಯಬೇಕು ಹೇಳು?

ಶ್ರಾವಣಕ್ಕೆ ಬರುವಾಗ ಆ ತಪ್ಪಿದ ಕೇಸುಗಳ ಪಟ್ಟಿ ತಾ. ದೊಡ್ಡಮ್ಮ ಒಗ್ಗರಣೆ ಮಂಡಕ್ಕಿ ಮಾಡಿಕೊಡುತ್ತಾಳೆ. ಒಂದೊಂದೇ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ